ಎತ್ತಿಗೆ ಜ್ವರ, ಕಾರ್ಬೊರೇಟರಿಗೆ ಬರೆ

ಹಳೆಯ ಟೂ ಸ್ಟ್ರೋಕ್ ಗಾಡಿಯೊಂದು ನಡುರಸ್ತೆಯಲ್ಲಿ ಕೈಕೊಟ್ಟಿತೆಂದರೆ ಅದರ ಸುತ್ತ ತಜ್ಞರ ಸಮಿತಿ ಸೇರಲು ಸರ್ಕಾರಿ ಆದೇಶವೇನೂ ಬೇಕಾಗುವುದಿಲ್ಲ. ಎಳನೀರಿನವನು ಮಚ್ಚು ಕೆಳಗಿಟ್ಟು ಬರುತ್ತಾನೆ. ಬಸ್ಸಿಗೆ ಕಾಯುತ್ತಿದ್ದವರು ಬಂದ ಬಸ್ಸನ್ನೂ ಬಿಟ್ಟು ಬರುತ್ತಾರೆ. ಸ್ಕೂಟರಿನಲ್ಲಿ ಹೋಗುತ್ತಿದ್ದವರು ಒಂದು ಕಾಲು ನೆಲಕ್ಕೂರಿ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ರೋಗಿಯ ಮುಖವನ್ನೂ ಸರಿಯಾಗಿ ನೋಡದೆ ತೀರ್ಪು ಕೊಡುತ್ತಾರೆ: "ಕಾರ್ಬೇಟ್ರಲ್ಲಿ ಕಸ ಕೂತಿದೆ ಸಾರ್, ಬಿಚ್ಚಿ ಕ್ಲೀನ್ ಮಾಡ್ಸಿ." ಉಳಿದವರು ತಲೆದೂಗುತ್ತಾರೆ. ಈ ಸಮಿತಿಯಲ್ಲಿ ಭಿನ್ನಾಭಿಪ್ರಾಯ ದಾಖಲಿಸಿದ ಸದಸ್ಯರನ್ನು ಇದುವರೆಗೆ ಯಾರೂ ಕಂಡಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎನ್ನುವ ಗಾದೆ ಹುಟ್ಟುವ ಕಾಲಕ್ಕೆ ಮೋಟಾರ್ ಸೈಕಲ್ಲು ಇರಲಿಲ್ಲ. ಇದ್ದಿದ್ದರೆ ಎಮ್ಮೆ ಬಚಾವಾಗುತ್ತಿತ್ತು. ಟ್ಯಾಂಕಿನ ಮುಚ್ಚಳ, ಪೆಟ್ರೋಲ್ ಟ್ಯಾಪು, ಪ್ಲಗ್ಗು, ಪಾಯಿಂಟು, ಕಂಡೆನ್ಸರು, ಆಯಿಲ್ ಸೀಲು, ಸೈಲೆನ್ಸರು, ಇವುಗಳಲ್ಲಿ ಯಾರು ಕೆಮ್ಮಿದರೂ ಸ್ಕ್ರೂಡ್ರೈವರ್ ಹೋಗುವುದು ಕಾರ್ಬೊರೇಟರಿನ ಕಡೆಗೇ.

ಮೈಸೂರಿನ ಒಂಟಿಕೊಪ್ಪಲಿನ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರು ಇಂಥ ಬರೆಗಳನ್ನು ಧಾರಾಳವಾಗಿ ಹಾಕಿಸಿದವರು. ಅವರದು ಹಳೇ ಯೆಜ್ಡಿ. ಅದರ ತೌರು ಪಕ್ಕದ ಯಾದವಗಿರಿ. 1960ರಲ್ಲಿ ಇರಾನಿ ಕುಟುಂಬದವರು ಅಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಮೈಸೂರಿನಲ್ಲೇ ತಯಾರಾಗಿ ಹೊರಬರತೊಡಗಿತು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗಾಡಿಗಳಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಅವೆಲ್ಲ ಊರೂರಲ್ಲಿ ಒಟ್ಟು ಸೇರಿ, ಎರಡೆರಡು ಸೈಲೆನ್ಸರಿನಿಂದ ನೀಲಿ ಹೊಗೆ ಬಿಟ್ಟು, ತಾವಿನ್ನೂ ಇದ್ದೇವೆಂದು ಊರಿಗೆಲ್ಲ ತಿಳಿಸುತ್ತವೆ.

ಇರುವುದು ಒಂದೇ ಸಿಲಿಂಡರು, ಸೈಲೆನ್ಸರು ಎರಡು. ಕಿಕ್ಕರೂ ಗೇರೂ ಒಂದೇ ಸನ್ನೆ: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟಾದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಗೇರ್ ಬದಲಿಸಲು ಆ ಸನ್ನೆಯನ್ನು ಒತ್ತಿದಾಗ ಕ್ಲಚ್ಚು ತಾನಾಗಿ ಬಿಟ್ಟುಕೊಳ್ಳುತ್ತದೆ. ಇಷ್ಟೆಲ್ಲ ಚಾಣಾಕ್ಷತನ ತೋರಿದ ಎಂಜಿನಿಯರುಗಳು ಕಾರ್ಬೊರೇಟರ್ ಎಂಬ ಅಂಗೈಯಗಲದ ಲೋಹದ ತುಂಡನ್ನು ಯಾರ ಕೈಗೂ ಸುಲಭವಾಗಿ ಸಿಗುವ ಜಾಗದಲ್ಲಿ ಇಟ್ಟುಬಿಟ್ಟರು. ಎಡವಿದ್ದು ಅಲ್ಲೇ. ಕಂಡೆನ್ಸರಿಗೆ ತಲುಪಬೇಕಾದರೆ ಬದಿಯ ಕವರ್ ಬಿಚ್ಚಬೇಕು, ಸೀಲಿಗೆ ತಲುಪಬೇಕಾದರೆ ಇಂಜಿನ್ನಿನ ಅರ್ಧ ಹೊಟ್ಟೆ ಬಗೆಯಬೇಕು. ಕಾರ್ಬೊರೇಟರ್ ಮಾತ್ರ ಬೀದಿ ಬದಿಯಲ್ಲೇ ಇದೆ, ಹೋಗಿ ಬರುವವರೆಲ್ಲ ಮಾತಾಡಿಸಿ ಹೋಗುತ್ತಾರೆ.

ಆ ಬಡಪಾಯಿ ಮಾಡುವ ಕೆಲಸವನ್ನೂ ಒಮ್ಮೆ ನೋಡಬೇಕು. 1893ರಲ್ಲಿ ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೋಷ್ ಚೋಂಕಾ ಎಂಬಿಬ್ಬರು ಕಾರ್ಬೊರೇಟರಿಗೆ ಪೇಟೆಂಟ್ ಪಡೆದರು. ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಕೂಡ ಅದೇ ಹೊತ್ತಿಗೆ ಅಂಥದ್ದನ್ನೇ ಮಾಡಿದ. ಬುಡಾಪೆಸ್ಟಿನ ಬೀದಿಯಲ್ಲಿ ಹೂ ಮಾರುವ ಹುಡುಗಿಯೊಬ್ಬಳು ಬಾಯಲ್ಲಿ ಗಾಳಿಯೂದಿ ಹೂವಿಗೆ ತುಂತುರು ಚಿಮುಕಿಸುತ್ತಿದ್ದುದನ್ನು ಕಂಡು ಬಾಂಕಿ, ಚೋಂಕಾ ಇಬ್ಬರಿಗೂ ಈ ಉಪಾಯ ಹೊಳೆಯಿತು ಎಂದು ಒಂದು ಕತೆಯಿದೆ. ನಿಜವೋ ಸುಳ್ಳೋ, ಕೇಳಲು ಚೆನ್ನಾಗಿದೆ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಗೆ ನೀರು ಚಿಮುಕಿಸುವವರನ್ನು ಮೈಸೂರಿನವರು ತಲೆಮಾರುಗಳಿಂದ ನೋಡುತ್ತಲೇ ಬಂದರು, ಪೇಟೆಂಟ್ ಮಾತ್ರ ಹಂಗೇರಿಗೆ ಹೋಯಿತು.

ತತ್ವ ಸರಳ. ಇಂಜಿನ್ ಉಸಿರೆಳೆದಾಗ ಗಾಳಿ ಒಂದು ಇಕ್ಕಟ್ಟಾದ ಕೊಳವೆಯ ಮೂಲಕ ನುಗ್ಗುತ್ತದೆ. ಇಕ್ಕಟ್ಟಿನಲ್ಲಿ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಆ ಕಡಿಮೆ ಒತ್ತಡ ಕೆಳಗಿನ ಬಟ್ಟಲಿನಿಂದ ಪೆಟ್ರೋಲನ್ನು ಹಿತ್ತಾಳೆಯ ಜೆಟ್ಟಿನ ಮೂಲಕ ಮೇಲಕ್ಕೆಳೆದು ತುಂತುರಾಗಿಸುತ್ತದೆ. ಬಟ್ಟಲಲ್ಲಿ ಪೆಟ್ರೋಲ್ ಎಷ್ಟಿರಬೇಕೆಂದು ನೋಡಿಕೊಳ್ಳಲು ಒಂದು ಫ್ಲೋಟು. ಓವರ್‌ಹೆಡ್ ಟ್ಯಾಂಕಿನ ಬಾಲ್ ವಾಲ್ವ್ ಮಾಡುವ ಕೆಲಸವನ್ನೇ ಅದು ಇಲ್ಲಿ ಮಾಡುತ್ತದೆ. ಗಾಡಿ ನಿಂತಲ್ಲೇ ಗುಟುರು ಹಾಕುವಾಗ ಪೈಲಟ್ ಜೆಟ್, ಅರ್ಧ ಎಕ್ಸಲರೇಟರಿನಲ್ಲಿ ಸೂಜಿ, ಪೂರ್ತಿ ತಿರುವಿದಾಗ ಮೇನ್ ಜೆಟ್. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಎಂಬ ಲೆಕ್ಕದ ಆಸುಪಾಸಿನಲ್ಲಿ ಈ ಮೂವರು ಪಾಳಿಯ ಮೇಲೆ ದುಡಿಯುತ್ತಾರೆ. ಕಂಪ್ಯೂಟರಿಲ್ಲ, ಕರೆಂಟಿಲ್ಲ. ಕೆಡಲು ಇರುವುದೇ ಕೆಲವು ತೂತುಗಳು, ಒಂದೆರಡು ಸೂಜಿ, ಒಂದು ಫ್ಲೋಟು. ಕೂತ ಕಸ ತೊಳೆದರೆ ಹೋಗುತ್ತದೆ, ಸವೆದರೆ ಬದಲಿಸಬಹುದು.

ಮಂಡಿ ಮೊಹಲ್ಲಾದ ಮೆಕ್ಯಾನಿಕ್ ಸಾಬರಿಗೆ ಇದು ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ಸಾಬರು ಮೇಷ್ಟ್ರಿಗಿಂತ ಹತ್ತು ವರ್ಷ ದೊಡ್ಡವರು, ಅವರ ಗ್ಯಾರೇಜಿಗೆ ಬೋರ್ಡಿಲ್ಲ. ಗೋಡೆಗೆ ನೇತುಹಾಕಿದ ಕ್ಲಚ್ ಪ್ಲೇಟುಗಳೇ ಬೋರ್ಡು. ಗಾಡಿ ಬಂದ ಕೂಡಲೇ ಅವರು ಏನನ್ನೂ ಬಿಚ್ಚುವುದಿಲ್ಲ. ಬೀಡಿ ಆರಿಸಿ, ಮುದುಡಿ ಕೂತು, "ಯಾವಾಗ ನಿಲ್ತದೆ? ಹೊರಟ ತಕ್ಷಣಾನೋ, ಬಿಸಿ ಆದ್ಮೇಲೋ? ನಿಲ್ಲೋ ಮುಂಚೆ ರೇಸ್ ಆಗ್ತದೋ, ಮುಳುಗ್ತದೋ?" ಎಂದು ಕೇಳುತ್ತಾರೆ. ಮೇಷ್ಟ್ರು ತರಗತಿಯಲ್ಲಿ ಪ್ರಶ್ನೆ ಕೇಳಿಯೇ ಆಯುಷ್ಯ ಕಳೆದವರು, ಉತ್ತರ ಹೇಳಿ ಅಭ್ಯಾಸವಿಲ್ಲ. "ಕಾರ್ಬೊರೇಟರ್ ಕ್ಲೀನ್ ಮಾಡಿಬಿಡಿ ಸಾಬರೇ" ಎನ್ನುತ್ತಾರೆ.

"ಅದು ನಿಮ್ಗೆ ಏನ್ ಮಾಡಿತ್ತು ಮೇಷ್ಟ್ರೇ?"

ನಂಜನಗೂಡು ರಸ್ತೆಯ ಪ್ರಕರಣ ನಡೆದದ್ದು ಹೀಗೆ. ಗಾಡಿ ಮನೆಯಿಂದ ಹಾಯಾಗಿ ಹೊರಡುತ್ತಿತ್ತು. ಊರು ದಾಟಿ ಕಡಕೊಳದ ಹತ್ತಿರ ಬರುವಾಗ ಎಳೆತ ಕಡಿಮೆಯಾಗಿ, ಎರಡು ಸಲ ಬಿಕ್ಕಿ, ನಿಂತುಬಿಡುತ್ತಿತ್ತು. ಮೇಷ್ಟ್ರು ಗಾಡಿಯನ್ನು ಮರದ ನೆರಳಿಗೆ ತಳ್ಳಿ, ಟೂಲ್ ಬಾಕ್ಸ್ ತೆಗೆದು, ಪೆಟ್ರೋಲ್ ಪೈಪ್ ಕಳಚಿ, ಕಾರ್ಬೊರೇಟರ್ ಇಳಿಸಿ, ಜೆಟ್ಟು ಬಿಚ್ಚಿ ಬಾಯಿಂದ ಊದಿ, ಪೆಟ್ರೋಲಿನ ರುಚಿ ನೋಡಿ ಉಗಿದು, ಮತ್ತೆ ಜೋಡಿಸುತ್ತಿದ್ದರು. ಒಂದೇ ಕಿಕ್ಕಿಗೆ ಸ್ಟಾರ್ಟು! ಜೆಟ್ಟಿನಲ್ಲಿ ಕಣ್ಣಿಗೆ ಕಾಣುವಂಥ ಕಸ ಇರದಿದ್ದರೂ ಕಾಣದಂಥದ್ದು ಇದ್ದಿರಬೇಕು ಎಂದುಕೊಂಡು ಮುಂದೆ ಹೋದರೆ ನಂಜನಗೂಡಿನ ಸೇತುವೆಯ ಬಳಿ ಮತ್ತೆ ಅದೇ ಬಿಕ್ಕಳಿಕೆ.

ಸಾಬರು ಈ ಕತೆ ಕೇಳಿ, ಗಾಡಿಯನ್ನು ಒಂದು ಸುತ್ತು ಓಡಿಸಲು ಹುಡುಗನನ್ನು ಕಳಿಸಿದರು. ಹುಡುಗ ತಳ್ಳಿಕೊಂಡು ವಾಪಸು ಬಂದ. ಸಾಬರು ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಕೊಟ್ಟು ಮೆಲ್ಲಗೆ ತಿರುಗಿಸಿದರು. "ಸುಸ್ಸ್" ಎಂದು ಗಾಳಿ ಒಳಕ್ಕೆ ಹೋಯಿತು. ಮುಚ್ಚಳ ತೆಗೆದೇ ಕಿಕ್ ಹೊಡೆದರು, ಗಾಡಿ ಗುಡುಗಿತು.

ಟ್ಯಾಂಕಿನಿಂದ ಪೆಟ್ರೋಲ್ ಇಳಿಯಬೇಕಾದರೆ ಅದರ ಜಾಗಕ್ಕೆ ಗಾಳಿ ಹೋಗಬೇಕು; ಅದಕ್ಕೇ ಮುಚ್ಚಳದಲ್ಲೊಂದು ಸಣ್ಣ ಕಂಡಿ. ಮೇಷ್ಟ್ರು ಹಿಂದಿನ ವಾರ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಮುಚ್ಚಳಕ್ಕೆ ಸೊಗಸಾದ ವಾಷರ್ ಹಾಕಿದ್ದರು, ಕಂಡಿ ಮುಚ್ಚಿಹೋಗಿತ್ತು. ಒಳಗೆ ನಿರ್ವಾತ ಹೆಚ್ಚಿದಂತೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತಿತ್ತು. ಕಾರ್ಬೊರೇಟರ್ ಬಿಚ್ಚಲು ಪೈಪ್ ಕಳಚಿದ ಕೂಡಲೇ ಅದರ ಮೂಲಕವೇ ಗಾಳಿ ಮೇಲೇರಿ ಟ್ಯಾಂಕು ಉಸಿರಾಡುತ್ತಿತ್ತು. ಒತ್ತಡ ಮತ್ತು ನಿರ್ವಾತದ ಪಾಠವನ್ನು ಮೂವತ್ತು ಬ್ಯಾಚುಗಳಿಗೆ ಹೇಳಿದವರು ಮೇಷ್ಟ್ರು. ಸಾಬರು ವಾಷರಿಗೆ ದಬ್ಬಳದಿಂದ ತೂತು ಹಾಕುತ್ತಾ ಆ ವಿಷಯ ಎತ್ತದೆ ದೊಡ್ಡತನ ಮೆರೆದರು.

ಕಾರ್ಬೊರೇಟರ್ ಎಂಬ ನಿರಪರಾಧಿ ಯಾಕೆ ಸದಾ ಸಿಕ್ಕಿಬೀಳುತ್ತದೆ ಎನ್ನುವುದರ ಗುಟ್ಟು ಇಲ್ಲಿದೆ. ಅದನ್ನು ಬಿಚ್ಚಿ, ತೊಳೆದು, ಜೋಡಿಸಲು ರಸ್ತೆ ಬದಿಯಲ್ಲಿ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯೇ ಔಷಧ. ಅಷ್ಟರಲ್ಲಿ ಟ್ಯಾಂಕಿಗೆ ಗಾಳಿ ಹೋಗಿರುತ್ತದೆ. ಪೆಟ್ರೋಲಿನಲ್ಲಿ ನೆಂದ ಪ್ಲಗ್ಗು ಒಣಗಿರುತ್ತದೆ. ಕಾದ ಕಂಡೆನ್ಸರ್ ತಣ್ಣಗಾಗಿರುತ್ತದೆ. ಈ ಕಂಡೆನ್ಸರಂತೂ ದೊಡ್ಡ ನಟ. ಪಾಯಿಂಟಿನ ಪಕ್ಕ ಹೆಬ್ಬೆರಳಿಗಿಂತ ಸಣ್ಣ ಡಬ್ಬಿಯಾಗಿ ಕೂತಿರುತ್ತದೆ. ವಯಸ್ಸಾದ ಮೇಲೆ ಬಿಸಿಯಾದಾಗ ಮಾತ್ರ ಕೆಲಸ ಬಿಡುತ್ತದೆ. ಬೆಳಿಗ್ಗೆ ಗಾಡಿ ಮೊದಲ ಕಿಕ್ಕಿಗೇ ಎದ್ದು, ಹತ್ತು ಹದಿನೈದು ಕಿಲೋಮೀಟರ್ ಓಡಿ, ಕಿಡಿ ಸತ್ತು ನಿಲ್ಲುತ್ತದೆ. ಕಾರ್ಬೊರೇಟರನ್ನು ತೊಳೆಯುವ ಹೊತ್ತಿಗೆ ಕಂಡೆನ್ಸರಿನ ಜ್ವರ ಇಳಿದು ಗಾಡಿ ಹೊರಡುತ್ತದೆ. ಯಶಸ್ಸು ಸ್ಕ್ರೂಡ್ರೈವರಿಗೆ, ಕಳಂಕ ಕಾರ್ಬೊರೇಟರಿಗೆ. ಗಾಡಿ ನಿಂತಾಗ ಮಾಲೀಕರು ಏನನ್ನೂ ಮುಟ್ಟದೆ ಎದುರಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ತಿಂದು ಬಂದಿದ್ದರೂ ಅದೇ ಫಲ ಸಿಗುತ್ತಿತ್ತು. ಆಗ ದೋಸೆಯಿಂದ ಮೋಟಾರ್ ಸೈಕಲ್ ಗುಣವಾಗುತ್ತದೆ ಎಂದು ಯಾರೂ ವಾದಿಸುತ್ತಿರಲಿಲ್ಲ. ವಾದಿಸಿದ್ದರೂ ಮೈಸೂರಿನಲ್ಲಿ ಒಪ್ಪುವ ಜನ ಸಿಗುತ್ತಿದ್ದರೇನೋ.

ಹಾಗಾದರೆ ಯಾರನ್ನು ಹಿಡಿಯಬೇಕು? ಸಾಬರ ಕ್ರಮ ಹೀಗೆ: ಮೊದಲು ಪೈಪ್ ಕಳಚಿ ಪೆಟ್ರೋಲ್ ಸಲೀಸಾಗಿ ಇಳಿಯುತ್ತದೆಯೇ ನೋಡು. ಆಮೇಲೆ ಪ್ಲಗ್ ತೆಗೆದು ಮುಖ ನೋಡು.

ಪ್ಲಗ್ಗಿನ ಮುಖ ಓದುವುದು ಒಂದು ವಿದ್ಯೆ. ಪೂರ್ತಿ ವೇಗದಲ್ಲಿ ಹೋಗುವಾಗಲೇ ಕೀ ಆರಿಸಿ, ಕ್ಲಚ್ ಹಿಡಿದು ಗಾಡಿ ನಿಲ್ಲಿಸಿ, ಪ್ಲಗ್ ಬಿಚ್ಚಬೇಕು. ನಿಧಾನಕ್ಕೆ ಮನೆಗೆ ಬಂದು ಬಿಚ್ಚಿದರೆ ಅದು ಹೇಳುವುದು ಬೀದಿಯ ಕೊನೆಯ ನೂರು ಮೀಟರಿನ ಸುದ್ದಿಯನ್ನಷ್ಟೇ. ಪಿಂಗಾಣಿಯ ತುದಿ ಮಸಿಗಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು, ಕಾಫಿ ಬಣ್ಣವಿದ್ದರೆ ಸರಿ. ಮೇಷ್ಟ್ರಿಗೆ ಇಲ್ಲೊಂದು ಅನುಮಾನ. ಕಾಫಿ ಎಂದರೆ ಡಿಕಾಕ್ಷನ್ನೋ, ಹಾಲು ಬೆರೆಸಿದ್ದೋ? ಬೆರೆಸಿದ್ದಾದರೆ ಒಂಟಿಕೊಪ್ಪಲಿನ ಅಳತೆಯೋ, ಮದುವೆ ಮನೆಯ ಎರಡನೇ ಪಂಕ್ತಿಯದೋ? ಸಾಬರು ಚಹಾ ಕುಡಿಯುವವರು. ಈ ವಿಷಯದಲ್ಲಿ ಇಬ್ಬರಿಗೂ ಒಮ್ಮತ ಮೂಡಿಲ್ಲ.

ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗನ ಹತ್ತಿರವೂ ಯೆಜ್ಡಿ ಇದೆ. 2022ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬಂದ ಹೊಸ ಗಾಡಿ: ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಇಂಜಿನ್ನು, ಕಾರ್ಬೊರೇಟರಿನ ಜಾಗದಲ್ಲಿ ಫ್ಯುಯೆಲ್ ಇಂಜೆಕ್ಷನ್. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಮಾಯವೇ ಆಯಿತು. "ಅಂಕಲ್, ನನ್ ಗಾಡೀಲಿ ಏನಾದ್ರೂ ಆದ್ರೆ ಮೀಟರಲ್ಲಿ ಲೈಟ್ ಬರುತ್ತೆ" ಎಂದು ಅವನು ಹೇಳಿದಾಗ ಮೇಷ್ಟ್ರು, "ನಂದ್ರಲ್ಲಿ ಏನಾದ್ರೂ ಆದ್ರೆ ಇರೋ ಲೈಟೂ ಹೋಗುತ್ತಪ್ಪಾ" ಎಂದರು. ಆರು ವೋಲ್ಟಿನ ಡೈನಮೊ ಇಟ್ಟುಕೊಂಡವರಿಗೆ ಅದು ಹಾಸ್ಯವಲ್ಲ, ವರದಿ.

ಮತ್ತೆ ಪ್ಲಗ್ಗಿನ ಮುಖಕ್ಕೆ ಬಂದರೆ, ಬಿಳೀ ಪ್ಲಗ್ಗಿನ ವಿಷಯವನ್ನು ಮಾತ್ರ ತಮಾಷೆಯಾಗಿ ತೆಗೆದುಕೊಳ್ಳಬಾರದು. ಈ ಹಳೇ ಯೆಜ್ಡಿಯ ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಬೇರೆ ದಾರಿಯಿಂದ ಬರುವುದಿಲ್ಲ. ಲೀಟರಿಗೆ 40 ಮಿಲಿಯಂತೆ, ಅಂದರೆ ಇಪ್ಪತ್ತೈದಕ್ಕೆ ಒಂದು ಪಾಲು, ಪೆಟ್ರೋಲಿನಲ್ಲೇ ಬೆರೆಸಿ ಕುಡಿಸಬೇಕು. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಬಿಸಿ ಹೆಚ್ಚಿ, ಜಾರಿಕೆ ತಗ್ಗಿ, ಪಿಸ್ಟನ್ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ. ಮಡಿಕೇರಿಯಿಂದ ಸಂಪಾಜೆ ಘಟ್ಟ ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಬಿಟ್ಟು ಗೇರಿನ ತಡೆಯಲ್ಲೇ ಬರುವ ಜಾಣರಿಗೆ ಹಳಬರು ಬೈಯುತ್ತಿದ್ದುದು ಇದಕ್ಕೇ. ಇಂಜಿನ್ ಭರ್ರೆಂದು ತಿರುಗುತ್ತಿರುತ್ತದೆ, ಒಳಗೆ ಹೋಗುವ ಆಯಿಲ್ ಮಾತ್ರ ತೊಟ್ಟು. ನಡುನಡುವೆ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಮಾಡುತ್ತ ಇಳಿಯಬೇಕು. ಇನ್ನೊಂದು ಚೋದ್ಯವೆಂದರೆ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯ ಗಾಳಿ ಕಡಲ ಮಟ್ಟದ್ದಕ್ಕಿಂತ ಶೇಕಡ 10ರಷ್ಟು ತೆಳು. ಎತ್ತರದಲ್ಲಿ ಹದ ಮಾಡಿಸಿಕೊಂಡ ಕಾರ್ಬೊರೇಟರ್ ಮಂಗಳೂರು ಮುಟ್ಟಿದಾಗ ದಟ್ಟ ಗಾಳಿಗೆ ಪೆಟ್ರೋಲ್ ಸಾಲದಾಗುತ್ತದೆ. ಮಂಗಳೂರಿನ ಗಾಡಿ ಘಟ್ಟ ಹತ್ತಿದರೆ ಪೆಟ್ರೋಲ್ ಮಿಕ್ಕಿ, ಎರಡು ಸುತ್ತಿಗೊಮ್ಮೆ ಮಾತ್ರ ಸಿಡಿದು, ಫೋರ್ ಸ್ಟ್ರೋಕಿನ ದನಿಯಲ್ಲಿ ಪಟಪಟ ಎನ್ನುತ್ತದೆ. ಕಾರ್ಬೊರೇಟರಿಗೆ ಭೂಗೋಳ ಗೊತ್ತಿಲ್ಲ.

ಒಮ್ಮೆ ಮೇಷ್ಟ್ರ ಗಾಡಿಯ ಪ್ಲಗ್ ಸುಣ್ಣದಷ್ಟು ಬೆಳ್ಳಗಾಯಿತು. ಅದರ ಜೊತೆಗೊಂದು ವಿಚಿತ್ರ: ಸಿಗ್ನಲ್ಲಿನಲ್ಲಿ ನಿಂತಾಗ, ಕೈ ಎಕ್ಸಲರೇಟರಿನ ಮೇಲೆ ಇರದಿದ್ದರೂ ಇಂಜಿನ್ ತಾನೇ ತಾನಾಗಿ ಕಿರುಚತೊಡಗುತ್ತಿತ್ತು. ಅಗ್ರಹಾರದ ವೃತ್ತದಲ್ಲಿ ಜನವೆಲ್ಲ ಮೇಷ್ಟ್ರ ಕಡೆ ತಿರುಗಿ, ಈ ವಯಸ್ಸಿನಲ್ಲಿ ಇವರಿಗೇನು ರೇಸಿನ ಹುಚ್ಚು ಎಂಬಂತೆ ನೋಡಿದರು. ಸ್ಲೋ ಸ್ಕ್ರೂ ತಿರುಗಿಸಿದ್ದಾಯಿತು, ಏರ್ ಸ್ಕ್ರೂ ತಿರುಗಿಸಿದ್ದಾಯಿತು. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ ಸೂಜಿ ಎತ್ತರಿಸಿದ್ದೂ ಆಯಿತು. ಮಧ್ಯದ ವೇಗದಲ್ಲಿ ತುಸು ಸುಧಾರಿಸಿತು, ಕಿರುಚಾಟ ನಿಲ್ಲಲಿಲ್ಲ.

ಸಾಬರು ಪೆಟ್ರೋಲ್ ತುಂಬಿದ ಹಳೇ ಇಂಜೆಕ್ಷನ್ ಸಿರಿಂಜು ತಂದರು. ಇಂಜಿನ್ ಓಡುತ್ತಿರುವಾಗಲೇ ಕಾರ್ಬೊರೇಟರ್ ಸಿಲಿಂಡರಿಗೆ ಕೂಡುವ ಪ್ಯಾಕಿಂಗಿನ ಸುತ್ತ ಒಂದೊಂದೇ ಹನಿ ಬಿಟ್ಟರು. ಅಲ್ಲಿ ಗಾಳಿ ಸೋರುತ್ತಿದ್ದರೆ ಇಂಜಿನ್ ಆ ಹನಿಯನ್ನು ಒಳಕ್ಕೆಳೆದುಕೊಂಡು ದನಿ ಬದಲಿಸುತ್ತದೆ. ಬದಲಾಗಲಿಲ್ಲ. (ಕಾದ ಇಂಜಿನ್ನಿನ ಮೇಲೆ ಪೆಟ್ರೋಲ್ ಬಿಡುವ ಈ ಸಾಹಸವನ್ನು ಸಾಬರು ಹುಡುಗನಿಗೆ ಮಾಡಲು ಬಿಡುವುದಿಲ್ಲ, ಓದುಗರೂ ಮಾಡದಿರುವುದು ಒಳ್ಳೆಯದು.) ಆಮೇಲೆ ಬಲಬದಿಯ ಕವರ್ ಬಿಚ್ಚಿದರು. ಡೈನಮೊದ ಹಿಂದೆ, ಕ್ರ್ಯಾಂಕಿನ ದಂಡಕ್ಕೆ ಕೂತ ಆಯಿಲ್ ಸೀಲಿನ ತುಟಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಸುತ್ತ ಎಣ್ಣೆಯ ಜಿಡ್ಡು.

ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸೇ ಪಂಪು. ಪಿಸ್ಟನ್ ಮೇಲೇರುವಾಗ ಅದು ಕಾರ್ಬೊರೇಟರಿನಿಂದ ಮಿಶ್ರಣವನ್ನು ಹೀರುತ್ತದೆ, ಕೆಳಗಿಳಿಯುವಾಗ ಮೇಲಕ್ಕೆ ದೂಡುತ್ತದೆ. ಸೀಲು ಹರಿದರೆ ಲೆಕ್ಕಕ್ಕೆ ಸಿಗದ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತದೆ; ಮುಂಬಾಗಿಲಲ್ಲಿ ಕಾರ್ಬೊರೇಟರ್ ಎಷ್ಟು ಅಳೆದು ಕೊಟ್ಟರೂ ವ್ಯರ್ಥ. ಎಡಬದಿಯ, ಅಂದರೆ ಕ್ಲಚ್ಚಿನ ಕಡೆಯ ಸೀಲು ಹೋದರೆ ಇನ್ನೊಂದು ಸೊಬಗು. ಗೇರ್ ಆಯಿಲನ್ನೇ ಇಂಜಿನ್ ಹೀರಿ ಸುಟ್ಟು, ಬೀದಿಗೆಲ್ಲ ಸೊಳ್ಳೆ ಹೊಗೆ ಹೊಡೆದಂತೆ ಮಾಡುತ್ತದೆ. ಸೀಲಿನ ಬೆಲೆ ಒಂದು ಪ್ಲೇಟ್ ಇಡ್ಲಿವಡೆಯಷ್ಟು. ಅದನ್ನು ಹಾಕುವ ಕೂಲಿ ಬೇರೆ ಮಾತು.

ಸೈಲೆನ್ಸರಿನ ಕತೆ ಚಿಕ್ಕದು. 2ಟಿ ಆಯಿಲಿನ ಮಸಿ ಒಳಗೆ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ, ಗಾಡಿ ಅರವತ್ತರ ಮೇಲೆ ಹೋಗುವುದಿಲ್ಲ, ಮಾಲೀಕರು ಮೇನ್ ಜೆಟ್ ಬದಲಿಸುತ್ತಾರೆ. ಒಳಗಿನ ಕೊಳವೆಯನ್ನು ಎಳೆದು ಬೆಂಕಿಯಲ್ಲಿ ಸುಡಿಸಿ ಕೊಡವಿದರೆ ಮುಗಿಯಿತು. ಆರ್‌ಎಕ್ಸ್ 100ರ ಹುಡುಗರು ಅದನ್ನೂ ಮಾಡುವುದಿಲ್ಲ, ಒಳಗಿನದನ್ನು ಎಸೆದೇ ಬಿಡುತ್ತಾರೆ. ಆಮೇಲೆ ಗಾಳಿ ಪೆಟ್ರೋಲಿನ ಹದ ತಪ್ಪಿತೆಂದು ಜೆಟ್ಟಿನ ತೂತನ್ನು ಸೂಜಿಯಿಂದ ದೊಡ್ಡದು ಮಾಡುತ್ತಾರೆ. ಜೆಟ್ಟಿನ ಮೇಲೆ ಅಚ್ಚೊತ್ತಿದ ನಂಬರು ಹಾಗೇ ಇರುತ್ತದೆ, ತೂತು ಮಾತ್ರ ಬೇರೆ. ಮುಂದೆ ಆ ಗಾಡಿ ಕೊಂಡವರ ಪಾಡು ದೇವರಿಗೇ ಪ್ರೀತಿ. ಹಿತ್ತಾಳೆ ಮೆದು ಲೋಹ, ಕೇಬಲ್ಲಿನ ಉಕ್ಕಿನ ಎಳೆ ಹಾಕಿ ತಿವಿದರೂ ಸವೆಯುತ್ತದೆ. ಸಾಬರ ಗ್ಯಾರೇಜಿನಲ್ಲಿ ಜೆಟ್ಟಿನ ಕಸವನ್ನು ಕಡ್ಡಿಯಿಂದ ತೆಗೆಯಲೆಂದೇ ಒಂದು ತೆಂಗಿನ ಪೊರಕೆ ಇದೆ. ಅದರಿಂದ ಕಸ ಗುಡಿಸಿದ್ದನ್ನು ಯಾರೂ ನೋಡಿಲ್ಲ.

ಈಚೆಗೆ ಇವರಿಬ್ಬರ ಮಾತು ಪೆಟ್ರೋಲಿನ ಕಡೆಗೇ ತಿರುಗುತ್ತದೆ. 2023ರ ಫೆಬ್ರುವರಿಯಲ್ಲಿ ಪ್ರಧಾನಿಯವರು ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು, ಅಂದರೆ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್ ಉರಿಯಲು ಬೇಕಾದ ಗಾಳಿ ಪೆಟ್ರೋಲಿಗಿಂತ ಬಹಳ ಕಡಿಮೆ, ಗ್ರಾಮಿಗೆ ಸುಮಾರು 9 ಗ್ರಾಂ. ಹೀಗಾಗಿ ಹಳೇ ಜೆಟ್ಟಿನಿಂದ ಅಷ್ಟೇ ಪ್ರಮಾಣದಲ್ಲಿ ಹೋದ ಇ20, ಗಾಳಿಯ ಲೆಕ್ಕದಲ್ಲಿ ಸಾಲದೆ ಬರುತ್ತದೆ. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ಗಮನಿಸಿ ಸರಿದೂಗಿಸಿಕೊಳ್ಳುತ್ತದೆ. ಜಾವಾದ ಜಿಕೋವ್ ಕಾರ್ಬೊರೇಟರಿಗೆ ಈ ಸುತ್ತೋಲೆ ತಲುಪುವ ದಾರಿಯಿಲ್ಲ, ಒಂದು ನಂಬರ್ ದೊಡ್ಡ ಮೇನ್ ಜೆಟ್ ಹಾಕಬೇಕಾಗಬಹುದು. ಮೇಲಾಗಿ ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರೂ ಎಥನಾಲೂ ಸೇರಿ ಬೇರೆಯೇ ಪದರವಾಗಿ ಕೂರುವುದುಂಟು. ಪೆಟ್ರೋಲ್ ಟ್ಯಾಪಿನ ಹಳೇ ರಬ್ಬರುಗಳಿಗೂ ಅದು ಹಿತವಲ್ಲ. ಸಾಬರ ಪರಿಹಾರ ಸುಲಭ: "ಗಾಡಿ ನಿಲ್ಸೋ ಹಾಗಿದ್ರೆ ಟ್ಯಾಪ್ ಮುಚ್ಚಿ, ಕಾರ್ಬೇಟ್ರು ಖಾಲಿ ಆಗೋ ತನಕ ಓಡ್ಸಿ. ಇಲ್ಲಾಂದ್ರೆ ವಾರಕ್ಕೊಂದ್ಸಲ ಚಾಮುಂಡಿ ಬೆಟ್ಟಕ್ಕೆ ಹೋಗ್ಬನ್ನಿ, ದೇವರ ದರ್ಶನಾನೂ ಆಗ್ತದೆ."

ಇಷ್ಟೆಲ್ಲ ಆದ ಮೇಲೆ ಮೇಷ್ಟ್ರು ಪೂರ್ತಿ ಬದಲಾದರು. ಕಾರ್ಬೊರೇಟರಿನ ಪರ ವಕೀಲರೇ ಆದರು. ಯಾರ ಗಾಡಿ ನಿಂತರೂ, "ಅದನ್ನ ಮುಟ್ಟಬೇಡ್ರಪ್ಪಾ, ಮೊದಲು ಮುಚ್ಚಳ ತೆಗೀರಿ" ಎಂದು ಸಮಿತಿಗೆ ಭಾಷಣ ಕೊಡತೊಡಗಿದರು. ಹೀಗಿರುವಾಗ ಅವರ ಗಾಡಿಯೇ ಪೆಟ್ರೋಲ್ ಸುರಿಸಲು ಶುರುಮಾಡಿತು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಕೆಳಗೆ ಕಲೆ, ಕಿಕ್ ಹೊಡೆದರೆ ಪ್ಲಗ್ ಒದ್ದೆ, ಸ್ಟಾರ್ಟಾದರೆ ಕಪ್ಪು ಹೊಗೆ. ಮೇಷ್ಟ್ರು ಮುಚ್ಚಳ ನೋಡಿದರು. ಟ್ಯಾಪು ಬದಲಿಸಿದರು. ಪಾಯಿಂಟಿನ ನಡುವೆ 0.4 ಮಿಲಿಮೀಟರಿನ ಫೀಲರ್ ಗೇಜ್ ಆಡಿಸಿದರು, ಕಂಡೆನ್ಸರ್ ಹೊಸದು ತಂದರು, ಏರ್ ಫಿಲ್ಟರ್ ಕೊಡವಿದರು. ಗಾಡಿ ಇನ್ನೂ ಸುರಿಸುತ್ತಲೇ ಇತ್ತು. ಸಾಬರು ಬಂದು ನೋಡಿ ಮೇಷ್ಟ್ರ ಮುಖವನ್ನೇ ದಿಟ್ಟಿಸಿದರು.

"ಈ ಸಲ ಕಾರ್ಬೇಟ್ರೇ ಮೇಷ್ಟ್ರೇ."

ಬಟ್ಟಲು ಬಿಚ್ಚಿ ಹಿತ್ತಾಳೆಯ ಫ್ಲೋಟನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಗುಳುಗುಳು. ತೇಲಬೇಕಾದ್ದರ ಹೊಟ್ಟೆಯಲ್ಲಿ ಪೆಟ್ರೋಲ್ ತುಂಬಿ ಮುಳುಗಿತ್ತು. ಅದು ಮೇಲೇಳದೆ ಫ್ಲೋಟಿನ ಸೂಜಿ ಪೆಟ್ರೋಲಿನ ದಾರಿ ಮುಚ್ಚುತ್ತಿರಲಿಲ್ಲ. ತೂತು ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಹಿತ್ತಲಿನಲ್ಲಿ, ಒಲೆಯಿಂದ ದೂರ, ಚೊಂಬಿನ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದಾಗ ಒಳಗಿನ ಗಾಳಿ ಹಿಗ್ಗಿ, ಬೆಸುಗೆಯ ಗೆರೆಯ ಪಕ್ಕದಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಮೇಷ್ಟ್ರು ಆ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿದರು. ಒಳಗಿನ ಪೆಟ್ರೋಲೆಲ್ಲ ಆವಿಯಾಗಿ ಹೋಗುವ ತನಕ ಬಿಸಿನೀರು ಬದಲಿಸುತ್ತ ಕಾಯಬೇಕು. ಆತುರಪಟ್ಟು ಕಾದ ಕಬ್ಬಿಣ ತಾಗಿಸಿದರೆ ಫ್ಲೋಟು ಪಟಾಕಿಯಾಗುತ್ತದೆ.

ಬೆಸುಗೆಗೆ ಇನ್ನೊಂದು ತೊಡಕಿದೆ. ಸೀಸ ಹೆಚ್ಚಾದರೆ ಫ್ಲೋಟಿನ ತೂಕ ಹೆಚ್ಚಿ, ತುಸು ತಗ್ಗಿ ತೇಲಿ, ಬಟ್ಟಲಲ್ಲಿ ಪೆಟ್ರೋಲ್ ಮಟ್ಟ ಏರುತ್ತದೆ. ಆದ್ದರಿಂದ ಮೇಷ್ಟ್ರು ಒಣಗಿದ ಫ್ಲೋಟನ್ನು ಮೊದಲೇ ಅಶೋಕ ರಸ್ತೆಯ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಿದ್ದರು. ಸಾಬರು ಬೆಸುಗೆ ಹಾಕಿದ ಮೇಲೆ ಮತ್ತೆ ಅಲ್ಲಿಗೇ ಒಯ್ದರು. ತೂಕ ಹೆಚ್ಚೇ ಆಗಿತ್ತು.

"ಆಚಾರ್ರೇ, ತೂತು ತೆರೆಯದ ಹಾಗೆ ಈ ಸೀಸಾನ ಒಂಚೂರು ಅರ ಹಾಕಿ ಇಳಿಸ್ಕೊಡ್ತೀರಾ?"

ಆಚಾರ್ರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೆಳಗೆ ಕಾಗದ ಹಾಸಿ, ಸಣ್ಣ ಅರದಿಂದ ನವಿರಾಗಿ ತೀಡಿದರು. ತೂಗಿದರು, ತೀಡಿದರು, ಮತ್ತೆ ತೂಗಿದರು. ಕೊನೆಗೆ ಕಾಗದದ ಮೇಲೆ ಬಿದ್ದ ಪುಡಿಯನ್ನೆಲ್ಲ ಕುಂಚದಿಂದ ಒಟ್ಟುಮಾಡಿ ಪೊಟ್ಟಣ ಕಟ್ಟಿ ಮೇಷ್ಟ್ರ ಕೈಗಿತ್ತರು. "ಸವೆತದ ಮಾತು ಬರೋದು ಬೇಡ, ನಿಮ್ಮ ಸೀಸ ನಿಮಗೇ." ಕೂಲಿ ಎಷ್ಟು ಹೇಳಬೇಕೆಂದು ಅವರಿಗೂ ತಿಳಿಯಲಿಲ್ಲ, ಬಿಲ್ಲಿನಲ್ಲಿ ಏನೆಂದು ಬರೆಯಬೇಕೆಂದೂ ತಿಳಿಯಲಿಲ್ಲ. ಪುಸ್ತಕದಲ್ಲಿ ಹುಡುಕಿ ಹೊಂದುವ ಸಾಲೊಂದನ್ನು ಹಿಡಿದು ಚೀಟಿ ಹರಿದುಕೊಟ್ಟರು: "ಜುಮುಕಿ 1, ರಿಪೇರಿ."

ಆ ಚೀಟಿ ಮೇಷ್ಟ್ರ ಅಂಗಿ ಜೇಬಿನಲ್ಲಿ ಮನೆಯವರ ಕೈಗೆ ಸಿಕ್ಕಿ, ಯಾರ ಜುಮುಕಿ ಎಂಬ ವಿಚಾರಣೆ ಈಗ ನಡೆಯುತ್ತಿದೆ. ಗಾಡಿ ಸೋರುವುದು ನಿಂತಿದೆ.